ಕೂಸು ಅತ್ತ ಮೇಲಿನ ಎರಡು ತಾಸು

ಕೂಸು ಅತ್ತ ಕೂಡಲೇ ಹೆರಿಗೆ ಕೋಣೆಯಲ್ಲಿ ಎಲ್ಲರೂ ಒಮ್ಮೆಗೇ ಸಡಿಲಾಗುತ್ತಾರೆ. ಬಾಗಿಲಿಗೆ ಕಿವಿಯಾನಿಸಿ ನಿಂತ ಅತ್ತೆ "ಏನ್ ಹುಟ್ಟೇತ್ರೀ?" ಎಂದು ಹೊರಗಿನಿಂದಲೇ ಕೂಗುತ್ತಾಳೆ. ಆಯಾ ಬಟ್ಟೆ ಹುಡುಕುತ್ತಾಳೆ. ಹೆತ್ತವಳು ಕಚ್ಚಿಹಿಡಿದ ಹಲ್ಲು ಬಿಟ್ಟು ಕಣ್ಣು ಮುಚ್ಚುತ್ತಾಳೆ. ಕಲಿಯಲು ಬಂದ ಹುಡುಗಿಯಂತೂ ಕೂಸಿನ ಮೇಲಿಂದ ಕಣ್ಣು ಕೀಳುವುದಿಲ್ಲ. ಆ ಹೊತ್ತಿನಲ್ಲಿ ಕೆಳಗೆ ನೋಡುತ್ತಿರಬೇಕಾದವಳು ಒಬ್ಬಳಿದ್ದಾಳೆ, ಡ್ಯೂಟಿ ಸಿಸ್ಟರ್. ಅವಳ ಒಂದು ಕೈ ಬಾಣಂತಿಯ ಹೊಟ್ಟೆಯ ಮೇಲಿರಬೇಕು, ಕಣ್ಣು ಹರಿಯುವ ರಕ್ತದ ಮೇಲಿರಬೇಕು.

ಉತ್ತರ ಕರ್ನಾಟಕದ ತಾಲೂಕು ಆಸ್ಪತ್ರೆಯೊಂದರ ಹೆರಿಗೆ ಕೋಣೆಯಲ್ಲಿ ಹತ್ತೊಂಬತ್ತು ವರ್ಷ ದುಡಿದವಳು ನಾನು. ಹೊಸದಾಗಿ ನೌಕರಿ ಹತ್ತಿದ ಹುಡುಗಿಯರು ಈಗಲೂ ಫೋನ್ ಮಾಡುತ್ತಾರೆ. "ಅಕ್ಕಾರ, ಲೇಬರ್ ರೂಮಿಗೆ ಹಾಕ್ಯಾರ್ರೀ. ಅಂಜಿಕಿ ಬರಾಕತ್ತೈತಿ." ಅಂಜಿಕೆ ಇರಲಿ, ಒಳ್ಳೆಯದೇ. ಆದರೆ ಬಹಳ ಮಂದಿ ಅಂಜುವುದು ಕೂಸು ಹೊರಬೀಳುವ ಆ ಹತ್ತು ನಿಮಿಷಕ್ಕೆ. ಕಸ (ಮಾಸು) ಬಿದ್ದ ಮೇಲೆ ಕೈ ತೊಳೆದು ಚಹಾ ಕುಡಿಯಲು ಹೊರಡುತ್ತಾರೆ. ನನ್ನ ಲೆಕ್ಕದಲ್ಲಿ ನಿಜವಾದ ಡ್ಯೂಟಿ ಶುರುವಾಗುವುದೇ ಆಗ.

ಓದಿನ ವಿಷಯ ಮೊದಲು ಮುಗಿಸಿಬಿಡೋಣ. ಎಎನ್‌ಎಂ 2 ವರ್ಷ, ಜಿಎನ್‌ಎಂ 3 ವರ್ಷ, ಬಿಎಸ್ಸಿ ನರ್ಸಿಂಗ್ 4 ವರ್ಷ. ಮುಗಿದ ಮೇಲೆ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿ. ಜಿಎನ್‌ಎಂ, ಬಿಎಸ್ಸಿ ಮಾಡಿದವರು ನರ್ಸ್ ಎಂದಷ್ಟೇ ಅಲ್ಲ, ಮಿಡ್‌ವೈಫ್ ಎಂದೂ ನೋಂದಣಿಯಾಗುತ್ತಾರೆ. ಆ ಎರಡನೆಯ ಪದವನ್ನು ಬಹಳ ಜನ ಮರೆತೇಬಿಟ್ಟಿರುತ್ತಾರೆ. ಸರ್ಕಾರಿ ಕಡತದಲ್ಲಿ ಈಗ ನಾವು 'ಶುಶ್ರೂಷಾಧಿಕಾರಿ', ವಾರ್ಡಿನಲ್ಲಿ 'ಸಿಸ್ಟರ್', ಹಳ್ಳಿಯ ಮುದುಕಿಯರಿಗೆ ಇಂದಿಗೂ 'ನರ್ಸಬಾಯಿ'. ಕೆಲಸಕ್ಕೆ ಸೇರಿದ ಮೇಲೆ 21 ದಿನಗಳ ಎಸ್‌ಬಿಎ (ನುರಿತ ಹೆರಿಗೆ ಸಹಾಯಕಿ) ತರಬೇತಿಗೆ ಹೆಸರು ಬಂದರೆ ತಪ್ಪಿಸಿಕೊಳ್ಳಬೇಡಿ. ಕಾಲೇಜಿನ ಕೇಸ್‌ಬುಕ್ಕಿನಲ್ಲಿ ಬರೆದ ಹೆರಿಗೆಗಳಿಗೂ ಕೈಯಾರೆ ಹಿಡಿದ ಹೆರಿಗೆಗಳಿಗೂ ಎಷ್ಟು ಅಂತರವೆಂಬುದು ಅಲ್ಲಿ ತಿಳಿಯುತ್ತದೆ. ಹೆರಿಗೆ ಕೆಲಸವನ್ನೇ ಜೀವನದ ಕೆಲಸ ಮಾಡಿಕೊಳ್ಳುವ ಮನಸ್ಸಿದ್ದವರಿಗೆ, ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ 18 ತಿಂಗಳ ಮಿಡ್‌ವೈಫರಿ ತರಬೇತಿಯೂ ಉಂಟು. ಗುತ್ತಿಗೆ ನೌಕರಿಯಾದರೆ ಸೇರುವ ಮುನ್ನವೇ ಹೆರಿಗೆ ರಜೆಯ ಶರತ್ತು ಕೇಳಿಕೊಳ್ಳಿ. ನಗಬೇಡಿ, ಊರವರ ಹೆರಿಗೆಯೆಲ್ಲ ಮಾಡಿಸಿ ತನ್ನ ಬಾಣಂತನಕ್ಕೆ ರಜೆಗಾಗಿ ಅರ್ಜಿ ಹಿಡಿದು ಅಲೆದವರನ್ನು ನಾನು ಕಂಡಿದ್ದೇನೆ.

ಡ್ಯೂಟಿ ಹಿಡಿಯುವಾಗ

ಬಹುತೇಕ ಕಡೆ ಬೆಳಿಗ್ಗೆ 8ರಿಂದ 2, ಮಧ್ಯಾಹ್ನ 2ರಿಂದ 8, ರಾತ್ರಿ 8ರಿಂದ ಬೆಳಗಿನ 8. ಹತ್ತು ನಿಮಿಷ ಮೊದಲೇ ಹೋಗಿ. ಹಿಂದಿನವಳು "ಮೂರ್ ಕೇಸ್ ಅದಾವ, ಎಲ್ಲಾ ಆರಾಮ್" ಎಂದು ಬಾಯಲ್ಲಿ ಹೇಳಿ ಚಪ್ಪಲಿ ಮೆಟ್ಟಿಕೊಂಡರೆ ಬಿಡಬೇಡಿ. ಪ್ರತಿ ಮಂಚದ ಹತ್ತಿರ ಇಬ್ಬರೂ ನಿಂತು ಓವರ್ ತೆಗೆದುಕೊಳ್ಳಿ. ಹೊಟ್ಟೆಯ ಮೇಲೆ ನಿಮ್ಮದೇ ಕೈ ಇಟ್ಟು ನೋಡಿ, ಕೂಸಿನ ಎದೆಬಡಿತ ನಿಮ್ಮದೇ ಕಿವಿಯಿಂದ ಕೇಳಿ.

ಆಮೇಲೆ ಟ್ರೇಗಳು. ಸರ್ಕಾರದ ಪಟ್ಟಿಯಂತೆ ಹೆರಿಗೆ ಕೋಣೆಯಲ್ಲಿ 7 ಟ್ರೇ ಸಿದ್ಧವಿರಬೇಕು. ಏಳನ್ನೂ ನೋಡಲು ಬಿಡುವಿಲ್ಲವೆಂದರೆ ಮೂರನ್ನಾದರೂ ನೋಡದೆ ರಿಜಿಸ್ಟರಿಗೆ ಸಹಿ ಹಾಕಬೇಡಿ. ಒಂದು, ಕೂಸಿಗೆ ಉಸಿರು ಕೊಡುವ ಅಂಬು ಬ್ಯಾಗು. ಅಂಗೈಗೆ ಮಾಸ್ಕ್ ಒತ್ತಿ ಚೀಲ ಹಿಸುಕಿದರೆ ಗಾಳಿ ಸೋರಬಾರದು. ಮಾಸ್ಕ್ 0 ಮತ್ತು 1 ಎರಡೂ ಅಳತೆಯದಿರಬೇಕು. ಎರಡು, ವಾರ್ಮರ್. ಕೂಸು ಬರುವ ಮೊದಲೇ ಅದು ಬೆಚ್ಚಗಾಗಿರಬೇಕು, ಬಂದ ಮೇಲೆ ಸ್ವಿಚ್ ಹುಡುಕುವುದಲ್ಲ. ಮೂರು, ಗರ್ಭಕೋಶ ಗಟ್ಟಿಮಾಡುವ ಆಕ್ಸಿಟೋಸಿನ್.

ಈ ಆಕ್ಸಿಟೋಸಿನ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಅದರ ಜಾಗ ಫ್ರಿಜ್ಜು, 2ರಿಂದ 8 ಡಿಗ್ರಿಯೊಳಗೆ. ಸೆಕೆಗಾಲದಲ್ಲಿ ಕಿಟಕಿ ಪಕ್ಕದ ಟ್ರೇಯಲ್ಲಿ ದಿನಗಟ್ಟಲೆ ಬಿದ್ದ ಆಂಪೂಲು ನೋಡಲು ಹೊಸದರ ಹಾಗೆಯೇ ಇರುತ್ತದೆ, ಒಳಗೆ ಕಸುವು ಇಳಿದಿರುತ್ತದೆ. ಒಂದು ಬೇಸಿಗೆಯಲ್ಲಿ ನಮ್ಮಲ್ಲಿ ಎರಡು ದಿನ ಕರೆಂಟು ಹೋಗಿ ಬಂದು ಮಾಡಿತು. ಆ ವಾರ ಇಂಜೆಕ್ಷನ್ ಕೊಟ್ಟರೂ ಗರ್ಭಕೋಶ ಗಟ್ಟಿಯಾಗದ ಕೇಸುಗಳೇ ಜಾಸ್ತಿ. ಕಾರಣ ಅದೇ ಎಂದು ಸಾಬೀತು ಮಾಡಲು ನನ್ನಿಂದ ಆಗಲಿಲ್ಲ. ಅಂದಿನಿಂದ ಫ್ರಿಜ್ಜಿನ ಉಷ್ಣತೆ ದಿನಕ್ಕೆರಡು ಸಲ ಬರೆದಿಡುವುದನ್ನು ಮಾತ್ರ ಬಿಡಲಿಲ್ಲ. ಹಾಗೆಯೇ ರಕ್ತ ನಿಲ್ಲಿಸುವ ಇಂಜೆಕ್ಷನ್ ಮೆಥರ್ಜಿನ್ ಪಕ್ಕದಲ್ಲಿ ಕೆಂಪು ಅಕ್ಷರದಲ್ಲಿ ಬರೆದು ಅಂಟಿಸಿ: ಬಿಪಿ ಇದ್ದವರಿಗೆ ಕೊಡಬಾರದು.

ಕಾಯುವ ಕೆಲಸ

ಬೇನೆ ತಿನ್ನುತ್ತ ಬಂದವಳ ತಾಯಿ ಕಾರ್ಡನ್ನು ನಿಂತುಕೊಂಡೇ ಓದಿ. ಎಷ್ಟನೆಯ ಹೆರಿಗೆ, ಹಿಂದೆ ಸಿಸೇರಿಯನ್ ಆಗಿದೆಯೇ, ಹಿಮೋಗ್ಲೋಬಿನ್ ಎಷ್ಟು, ರಕ್ತದ ಗುಂಪು ಯಾವುದು. ನೆಗೆಟಿವ್ ಗುಂಪಿನವಳಾದರೆ ಆಗಲೇ ಕೇಸ್ ಶೀಟಿನ ಮೇಲೆ ಗುರುತು ಹಾಕಿ. ಕೂಸು ಪಾಸಿಟಿವ್ ಆದರೆ 72 ತಾಸಿನೊಳಗೆ ಆಂಟಿ-ಡಿ ಬೀಳಬೇಕು, ಅದು ಸಿಗುವುದೆಲ್ಲಿ ಎಂದು ಹುಡುಕಲು ಮನೆಯವರಿಗೆ ಹೊತ್ತು ಬೇಕು. ನೀರು ಹೋಗಿದ್ದರೆ ಎಷ್ಟು ಗಂಟೆಗೆ, ಯಾವ ಬಣ್ಣ ಎಂದು ಕೇಳಿ. "ಹಸಿರ ಇತ್ತರೀ" ಎಂದರೆ ವೈದ್ಯರಿಗೆ ಫೋನ್ ಹೋಗಲೇಬೇಕು.

ಗರ್ಭಕೋಶದ ಬಾಯಿ 4 ಸೆಂ.ಮೀ. ತೆರೆದ ಮೇಲೆ ಪಾರ್ಟೋಗ್ರಾಫ್, ಅಂದರೆ ಹೆರಿಗೆಯ ಪ್ರಗತಿ ಗುರುತಿಸುವ ಹಾಳೆ, ಶುರು. ಎದೆಬಡಿತ, ಬೇನೆ, ತಾಯಿಯ ನಾಡಿ ಅರ್ಧ ತಾಸಿಗೊಮ್ಮೆ. ಬಿಪಿ ಮತ್ತು ಒಳಪರೀಕ್ಷೆ ನಾಲ್ಕು ತಾಸಿಗೊಮ್ಮೆ. ನಮ್ಮ ಕಡೆ ಈ ಹಾಳೆಗೆ ಒಂದು ಶಾಪವಿದೆ: ಹೆರಿಗೆಯಾದ ಮೇಲೆ ಕುಳಿತು ನೀಟಾಗಿ ತುಂಬುವುದು. ಅಂಥ ಹಾಳೆಯಲ್ಲಿ ಗೆರೆ ಎಂದೂ ದಾಟಿರುವುದಿಲ್ಲ, ಕೂಸಿನ ಎದೆ ಎಂದೂ ತಪ್ಪಿರುವುದಿಲ್ಲ! ಚುಕ್ಕೆ ಎಚ್ಚರಿಕೆ ಗೆರೆಯ ಬಲಕ್ಕೆ ಜಾರುತ್ತಿದೆ ಎಂದು ಕಂಡಾಗಲೇ ವೈದ್ಯರನ್ನು ಕರೆಯಬಹುದು, ಇಲ್ಲವೇ ಜಿಲ್ಲಾಸ್ಪತ್ರೆಗೆ ಕಳಿಸಬಹುದು. ಎಚ್ಚರಿಕೆ ಗೆರೆಯ ಬಲಕ್ಕೆ ನಾಲ್ಕು ತಾಸು ಬಿಟ್ಟು ಇನ್ನೊಂದು ಗೆರೆ ಎಳೆದಿರುವುದು ಆ ಅವಕಾಶಕ್ಕಾಗಿಯೇ.

ಉಳಿದಂತೆ ಕೆಲಸ ಕಾಯುವುದು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಡ್ಯೂಟಿ ರೂಮಿನಲ್ಲಿ ಸಣ್ಣ ಚರ್ಚೆಯೇ ನಡೆಯಿತು. ಮನೆ ಹೆರಿಗೆ ಬೇಡವೆಂದು ನಾವು ಊರೂರು ಸಾರುತ್ತಿರುವಾಗ ಇದೇನು ಎಂದು ಕೆಲವರ ತಕರಾರು. ನನಗೆ ಹಾಗೆ ಅನ್ನಿಸಲಿಲ್ಲ. ಗ್ಲೌಸು, ಇಂಜೆಕ್ಷನ್, ರಕ್ತದ ಬಾಟಲಿ ನಮ್ಮಲ್ಲಿವೆ. ಸೂಲಗಿತ್ತಿಯ ಬಳಿ ಇದ್ದ ತಾಳ್ಮೆ ನಮ್ಮಲ್ಲಿ ಕಡಿಮೆ. ನಸುಕಿನ ಮೂರಕ್ಕೆ ಕೇಸು ಬೇಗ ಮುಗಿಯಲೆಂದು ಡ್ರಿಪ್ಪಿಗೆ ಆಕ್ಸಿಟೋಸಿನ್ ಸೇರಿಸುವ ಚಪಲ ನಮಗೆ ಬರುತ್ತದೆ. ವೈದ್ಯರ ಆದೇಶವಿಲ್ಲದೆ, ಎಣಿಸಿ ಹನಿ ಬಿಡದೆ ಅದನ್ನು ಕೊಡುವುದು ಅಪರಾಧಕ್ಕೆ ಸಮ. ಗರ್ಭಕೋಶ ಹರಿಯಬಹುದು, ಕೂಸಿಗೆ ಉಸಿರು ಕಟ್ಟಬಹುದು. ಹೊಟ್ಟೆಯ ಮೇಲೆ ಮೊಣಕೈ ಊರಿ ಕೂಸನ್ನು ಕೆಳಗೆ ತಳ್ಳುವುದೂ ಹಾಗೆಯೇ. "ಎಲ್ಲಾ ಕಡೆ ಮಾಡ್ತಾರ" ಎಂಬುದು ಉತ್ತರವಲ್ಲ. ಎಲ್ಲ ಚೊಚ್ಚಲಿಗೂ ಕತ್ತರಿ ಹಾಕಬೇಕೆಂಬ ಹಳೆಯ ನಿಯಮವೂ ಈಗ ಇಲ್ಲ.

ಇನ್ನು ಬೈಗುಳ. ನೋವಿನಲ್ಲಿ ಚೀರುವವಳಿಗೆ ಏನೇನು ಅನ್ನುತ್ತಾರೆಂದು ಈ ನಾಡಿನ ಯಾವ ಹೆಂಗಸಿಗೂ ಬಿಡಿಸಿ ಹೇಳಬೇಕಾಗಿಲ್ಲ. ಸೇರಿದ ಹೊಸತರಲ್ಲಿ, ಹಿರಿಯರನ್ನು ನೋಡಿ, ನಾನೂ ಒಮ್ಮೆ ಅಂಥ ಮಾತು ಆಡಿದ್ದೆ. ಹತ್ತು ವರ್ಷದ ಮೇಲೆ ಅದೇ ಹೆಣ್ಣುಮಗಳು ತಂಗಿಯನ್ನು ಹೆರಿಗೆಗೆ ಕರೆತಂದಳು. ನನ್ನನ್ನು ಕಂಡವಳೇ ತಂಗಿಗೆ ಮೆಲ್ಲಗೆ ಹೇಳಿದ್ದು ಕಿವಿಗೆ ಬಿತ್ತು: "ಚೀರಬ್ಯಾಡ, ಈಕಿ ಬೈತಾಳ." ಹೆರಿಗೆ ಹೊತ್ತಿನಲ್ಲಿ ತಾಯಿಯನ್ನೋ ಅಕ್ಕನನ್ನೋ ಜೊತೆಗೆ ಬಿಡಬಹುದೆಂದು 2016ರಲ್ಲೇ ಕೇಂದ್ರ ಸರ್ಕಾರ ಹೇಳಿದೆ. ಬಿಡಿ. ಬೆನ್ನು ನೀವಲು, ನೀರು ಕುಡಿಸಲು, ನಡೆದಾಡಿಸಲು ಒಂದು ಜೋಡಿ ಕೈ ಪುಕ್ಕಟೆ ಸಿಗುತ್ತವೆ. ನೋಡುವ ಕಣ್ಣೊಂದು ಇದ್ದರೆ ನಮ್ಮ ನಾಲಿಗೆಯೂ ಹಿಡಿತದಲ್ಲಿರುತ್ತದೆ.

ಕೂಸು ಹುಟ್ಟಿದಾಗ

ಇದನ್ನು ಪುಸ್ತಕಗಳೇ ಚೆನ್ನಾಗಿ ಹೇಳಿರುವುದರಿಂದ ಬೇಗ ಮುಗಿಸುತ್ತೇನೆ. ತಾಯಿಯ ಹೊಟ್ಟೆಯ ಮೇಲೆಯೇ ಕೂಸನ್ನು ಒರೆಸಿ, ಒದ್ದೆ ಬಟ್ಟೆ ಬದಲಿಸಿ. ಅತ್ತಿತೇ, ಹೊಕ್ಕಳುಬಳ್ಳಿ ಕತ್ತರಿಸಲು ಒಂದರಿಂದ ಮೂರು ನಿಮಿಷ ಕಾಯಿರಿ. ಅಳಲಿಲ್ಲವೇ, ಬೆನ್ನು ತಿಕ್ಕಿ. ಆಗಲೂ ಉಸಿರಿಲ್ಲದಿದ್ದರೆ ಕೂಡಲೇ ಬಳ್ಳಿ ಕತ್ತರಿಸಿ ವಾರ್ಮರಿಗೆ ಒಯ್ದು, ಹುಟ್ಟಿದ ಮೊದಲ ನಿಮಿಷದೊಳಗೆ ಅಂಬು ಬ್ಯಾಗಿನ ಮೊದಲ ಗಾಳಿ ಎದೆಗೆ ಹೋಗಬೇಕು. ಕಾಲು ಹಿಡಿದು ತಲೆಕೆಳಗೆ ನೇತಾಡಿಸುವುದು ಸಿನಿಮಾಕ್ಕೆ ಇರಲಿ. ಒಂದು ತಾಸಿನೊಳಗೆ ಎದೆಹಾಲು, ವಿಟಮಿನ್ ಕೆ. ಹೆಪಟೈಟಿಸ್ ಬಿ 24 ತಾಸಿನೊಳಗೆ, ಜೊತೆಗೆ ಬಿಸಿಜಿ ಮತ್ತು ಪೋಲಿಯೊ ಹನಿ.

ಹೆಣ್ಣೋ ಗಂಡೋ ಎಂಬುದನ್ನು ನೀವು ಹೇಳಬೇಡಿ. ಕೂಸನ್ನು ತಾಯಿಗೇ ತೋರಿಸಿ, "ನೋಡವಾ, ಏನ್ ಹುಟ್ಟೇತಿ, ನೀನ ಹೇಳು" ಅನ್ನಿ. ಅವಳ ಬಾಯಿಂದ ಬಂದ ಮೇಲೆ, ಅವಳೆದುರಿಗೇ ಇಬ್ಬರ ಕೈಗೂ ಗುರುತಿನ ಪಟ್ಟಿ ಕಟ್ಟಿ. ಕೂಸು ಅದಲುಬದಲಾಯಿತೆಂಬ ಆರೋಪದಿಂದ ನಿಮ್ಮನ್ನು ಕಾಯುವುದು ಆ ಒಂದು ವಾಕ್ಯ. ಹೊರಗೆ ಹೋಗಿ ಸುದ್ದಿ ಹೇಳಿದಾಗ ಯಾರೋ ನೂರರ ನೋಟು ಚಾಚುತ್ತಾರೆ, "ಖುಷಿಗೆ ಕೊಡಾಕತ್ತೀವ್ರೀ" ಅಂತ. ಗಂಡಾದರೆ ಐನೂರು, ಹೆಣ್ಣಾದರೆ ನೂರು. ಆ ದರಪಟ್ಟಿಯನ್ನು ಒಪ್ಪಿಕೊಂಡ ನರ್ಸಿಗೆ ಹೆಣ್ಣು ಕೂಸಿನ ಪರವಾಗಿ ಮಾತಾಡುವ ಬಾಯಿ ಉಳಿಯುವುದಿಲ್ಲ.

ಆ ಎರಡು ತಾಸು

ಕೂಸು ಹುಟ್ಟಿದ ಒಂದು ನಿಮಿಷದೊಳಗೆ, ಹೊಟ್ಟೆಯಲ್ಲಿ ಇನ್ನೊಂದು ಕೂಸಿಲ್ಲವೆಂದು ಕೈಯಿಟ್ಟು ಖಾತ್ರಿ ಮಾಡಿಕೊಂಡು, 10 ಯೂನಿಟ್ ಆಕ್ಸಿಟೋಸಿನ್ ತೊಡೆಗೆ. ಗರ್ಭಕೋಶ ಗಟ್ಟಿಯಾದಾಗ ಒಂದು ಕೈಯಿಂದ ಅದನ್ನು ಮೇಲಕ್ಕೆ ಆನಿಸಿ ಹಿಡಿದು ಇನ್ನೊಂದು ಕೈಯಿಂದ ಬಳ್ಳಿಯನ್ನು ಮೆಲ್ಲಗೆ ಎಳೆದರೆ ಕಸ ಬರುತ್ತದೆ. ಬಂದ ಕಸವನ್ನು ಅಂಗೈ ಮೇಲೆ ಹರಡಿ ನೋಡಿ, ಚೂರು ಒಳಗುಳಿದಿದೆಯೇ ಎಂದು. ಕೆಲವು ಮನೆಯವರು ಮನೆಯಲ್ಲಿ ಹೂಳಲು ಕಸ ಕೇಳುತ್ತಾರೆ. ಆಸ್ಪತ್ರೆಯ ನಿಯಮದಲ್ಲಿ ಅದಕ್ಕೆ ಹಳದಿ ಚೀಲ. ಆ ನಿಯಮ ಹೇಳುವಾಗ ಅವರ ನಂಬಿಕೆಯನ್ನು ಗೇಲಿ ಮಾಡಬೇಡಿ.

ಈಗ ಕಾಲುತಾಸಿಗೊಮ್ಮೆ, ಎರಡು ತಾಸು. ಎಂದರೆ ಎಂಟು ಸಲ. ಪ್ರತಿ ಸಲವೂ ನಾಡಿ, ಬಿಪಿ, ಹೊಟ್ಟೆ, ರಕ್ತ. ಹೊಟ್ಟೆ ಮುಟ್ಟಿದರೆ ಹೊಕ್ಕಳ ಸುತ್ತ ತೆಂಗಿನಕಾಯಿಯಂಥ ಗಟ್ಟಿ ಗುಂಡು ಸಿಗಬೇಕು. ನಾದಿದ ಕಣಕದ ಹಾಗೆ ಮೆತ್ತಗೆ ಸಿಕ್ಕರೆ ಅಲ್ಲಿಯೇ ನಿಂತು ತಿಕ್ಕಿ. ಗುಂಡು ಒಂದು ಬದಿಗೆ ಸರಿದು ಮೇಲೇರಿದ್ದರೆ ಮೂತ್ರಕೋಶ ತುಂಬಿದೆ ಎಂದರ್ಥ. ಎಷ್ಟೋ ಸಲ ಮೂತ್ರ ಮಾಡಿಸಿದರೆ ಸಾಕು, ರಕ್ತ ತಾನೇ ಕಡಿಮೆಯಾಗುತ್ತದೆ. ಗುಂಡು ಗಟ್ಟಿಯಿದ್ದೂ ಕೆಂಪು ರಕ್ತ ತೊಟ್ಟಿಕ್ಕುತ್ತಿದ್ದರೆ ಎಲ್ಲೋ ಹರಿದಿದೆ, ದೀಪ ಹತ್ತಿರ ತಂದು ಹುಡುಕಿ.

ಎಷ್ಟು ರಕ್ತ ಹೋದರೆ ಹೆಚ್ಚು? 500 ಮಿ.ಲೀ. ದಾಟಿದರೆ ಪಿಪಿಎಚ್, ಅಂದರೆ ಹೆರಿಗೆ ನಂತರದ ಅತಿ ರಕ್ತಸ್ರಾವ, ಎನ್ನುತ್ತದೆ ಪುಸ್ತಕ. ಕಣ್ಣಳತೆಯಲ್ಲಿ ಅದನ್ನು ಹೇಳುವವರು ಯಾರು? ಇದಕ್ಕೆ ಉತ್ತರ ಹುಡುಕಿದ್ದು ನಮ್ಮ ಬೆಳಗಾವಿಯಲ್ಲೇ. ಅಲ್ಲಿನ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಅಧ್ಯಯನ ನಡೆಸಿದರು. 1,620 ಹೆಂಗಸರು, ಅರ್ಧದಷ್ಟು ಮಂದಿಗೆ ಹೆರಿಗೆಯಾದ ಕೂಡಲೇ ಮಿಸೊಪ್ರೊಸ್ಟಾಲ್ ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಮಾತ್ರೆ. ಮಾತ್ರೆ ಕೊಟ್ಟವರು ನಮ್ಮಂಥ ಎಎನ್‌ಎಂ ಅಕ್ಕಂದಿರೇ. ರಕ್ತಸ್ರಾವ 100ಕ್ಕೆ 12ರಿಂದ 6.4ಕ್ಕೆ ಇಳಿಯಿತೆಂದು 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ರಕ್ತ ಅಳೆಯಲೆಂದು ಅವರು ಒಂದು ಪ್ಲಾಸ್ಟಿಕ್ ಹಾಳೆ ಮಾಡಿಕೊಂಡಿದ್ದರು. ಬಾಣಂತಿಯ ಕೆಳಗೆ ಹಾಸುವಂಥದ್ದು, ತುದಿಯಲ್ಲಿ ಅಳತೆ ಗೆರೆಯಿರುವ ಚೀಲ. ಹೋಲಿಸಿ ನೋಡಿದಾಗ ಕಣ್ಣಂದಾಜು ಆ ಚೀಲದ ಲೆಕ್ಕಕ್ಕಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಬರುತ್ತಿತ್ತು. ನುರಿತ ಕಣ್ಣೂ ಮೋಸ ಹೋಗುತ್ತದೆ ಎಂದಾಯಿತು. ನಿಮ್ಮಲ್ಲಿ ಆ ಚೀಲವಿದ್ದರೆ ಹಾಸಿ. ಇಲ್ಲದಿದ್ದರೆ ಪ್ಯಾಡು ಎಣಿಸಿ, ಅಳತೆಯ ಬೇಸಿನ್ ಇಡಿ. ಮುಖ್ಯವಾಗಿ ಸೊಂಟದ ಕೆಳಗೆ ಕೈ ಹಾಕಿ ನೋಡಿ. ಮೇಲಿನ ಪ್ಯಾಡು ಒಣಗಿರುತ್ತದೆ, ರಕ್ತ ಬೆನ್ನಡಿ ಹರಿದು ಹಾಸಿಗೆ ಸೇರಿರುತ್ತದೆ.

ಇನ್ನೊಂದು ಮಾತು. ಹಿಮೋಗ್ಲೋಬಿನ್ 7-8 ಇರುವವಳಿಗೆ 500 ಮಿ.ಲೀ. ತನಕ ಕಾಯುವ ಹಾಗಿಲ್ಲ. ಅವಳ ಲೆಕ್ಕವೇ ಬೇರೆ. ನಾಡಿ ಏರುತ್ತಿದೆ, ಅಂಗೈ ತಣ್ಣಗೆ ಬೆವರುತ್ತಿದೆ, "ಬಾಯಿ ಒಣಗಾಕತ್ತೈತಿ, ನೀರ್ ಕೊಡ್ರಿ" ಎನ್ನುತ್ತ ಹೊರಳಾಡುತ್ತಿದ್ದಾಳೆ ಎಂದರೆ ಬಿಪಿ ಬೀಳುವ ತನಕ ಕಾಯಬೇಡಿ. ಬಿಪಿ ಕೊನೆಗೆ ಬೀಳುತ್ತದೆ. ಮೊದಲು ಕೂಗಿ ಜನ ಸೇರಿಸಿ. ನಾಚಿಕೆ ಬಿಟ್ಟು, ಗಟ್ಟಿಯಾಗಿ. ಒಬ್ಬರ ಕೈ ಹೊಟ್ಟೆ ತಿಕ್ಕುತ್ತಿರಲಿ, ಇನ್ನೊಬ್ಬರು ದಪ್ಪ ಸೂಜಿಯ ಎರಡು ಲೈನ್ ಹಾಕಲಿ, ಮತ್ತೊಬ್ಬರು ವೈದ್ಯರಿಗೂ 108ಕ್ಕೂ ಫೋನ್ ಮಾಡಲಿ. ಆಕ್ಸಿಟೋಸಿನ್ ಡ್ರಿಪ್, ಮೂತ್ರದ ನಳಿಕೆ, ವೈದ್ಯರ ಆದೇಶದಂತೆ ಟ್ರಾನೆಕ್ಸಾಮಿಕ್ ಆಮ್ಲ 1 ಗ್ರಾಂ. ಅದು ಹೆರಿಗೆಯಾದ ಮೂರು ತಾಸಿನೊಳಗೆ ಹೋದರೆ ಮಾತ್ರ ಉಪಯೋಗ. ಗಾಡಿ ಹತ್ತಿಸುವಾಗ ಚೀಟಿಯಲ್ಲಿ ಏನೇನು ಕೊಟ್ಟಿರಿ, ಎಷ್ಟು ಗಂಟೆಗೆ ಎಂದು ಬರೆಯಿರಿ. ದೊಡ್ಡ ಆಸ್ಪತ್ರೆಗೆ ನೀವೇ ಫೋನ್ ಮಾಡಿ ರಕ್ತದ ಗುಂಪು ಹೇಳಿ. ಸಾಧ್ಯವಾದರೆ ನಿಮ್ಮಲ್ಲೊಬ್ಬರು ಜೊತೆಗೆ ಹೋಗಿ, ದಾರಿಯುದ್ದಕ್ಕೂ ಹೊಟ್ಟೆಯ ಮೇಲಿನ ಕೈ ತೆಗೆಯದೆ.

ಬಸುರಿಯರಿಗೆ ಬಿಪಿ ಏರುವ ನಂಜಿನದೂ ಇಂಥದೇ ಕಥೆ. ಹೆರಿಗೆಯಾಯಿತಲ್ಲ, ಇನ್ನು ಬಿಪಿ ಇಳಿಯುತ್ತದೆ ಎಂದು ಬಿಡುವವರಿದ್ದಾರೆ. ಫಿಟ್ಸ್ ಹೆರಿಗೆಯಾದ ಮೇಲೂ ಬರುತ್ತದೆ. ತಲೆನೋವು, ಕಣ್ಣು ಮಂಜು, ಎದೆಗುಳಿಯಲ್ಲಿ ನೋವು ಎಂದವಳ ಬಿಪಿ ಮತ್ತೆ ನೋಡಿ. ಫಿಟ್ಸ್ ಬಂದರೆ ಎಡಮಗ್ಗುಲಿಗೆ ಹೊರಳಿಸಿ, ಬಾಯಿಗೆ ಏನೂ ತುರುಕಬೇಡಿ. ಮ್ಯಾಗ್‌ಸಲ್ಫ್ ಮೊದಲ ಡೋಸು ಪೃಷ್ಠದ ಎರಡೂ ಬದಿಗೆ ತಲಾ 5 ಗ್ರಾಂ, ಆಳವಾಗಿ. 2 ಮಿ.ಲೀ.ಯಲ್ಲಿ 1 ಗ್ರಾಂ ಇರುವ ಆಂಪೂಲಾದರೆ ಹತ್ತು ಒಡೆಯಬೇಕು. ನಡುಗುವ ಕೈಯಲ್ಲಿ ಹತ್ತು ಆಂಪೂಲು ಒಡೆಯುವುದು ಎಷ್ಟು ಹೊತ್ತಿನ ಕೆಲಸವೆಂದು ಒಮ್ಮೆ ಸುಮ್ಮನೆ ಅಭ್ಯಾಸ ಮಾಡಿ ನೋಡಿ, ಗೊತ್ತಾಗುತ್ತದೆ. ಮುಂದಿನ ಡೋಸಿಗೆ ಮೊದಲು ಮಂಡಿಯ ಚಿಮ್ಮು, ಉಸಿರಿನ ಎಣಿಕೆ, ಮೂತ್ರದ ಪ್ರಮಾಣ ನೋಡಬೇಕು. ಪಕ್ಕದಲ್ಲಿ ಕ್ಯಾಲ್ಸಿಯಂ ಗ್ಲುಕೊನೇಟ್ ಇರಬೇಕು.

ಬರೆದಿಡುವುದು

ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ಪಟ್ಟಿ ಈಗ ಎಲ್ಲ ಕಡೆ ಗೋಡೆಗೆ ಅಂಟಿದೆ. ಅದನ್ನು 2010ರಲ್ಲಿ ಮೊದಲು ಒರೆಗೆ ಹಚ್ಚಿದ ಜಾಗಗಳಲ್ಲಿ ನಮ್ಮ ಗೋಕಾಕವೂ ಒಂದೆಂದು ಬಹಳ ನರ್ಸುಗಳಿಗೆ ಗೊತ್ತಿಲ್ಲ. ಅಲ್ಲಿ ಮೊದಲು ಮಾಡಲೇಬೇಕಾದ 29 ಕೆಲಸಗಳಲ್ಲಿ ಸರಾಸರಿ 10 ಮಾತ್ರ ನಡೆಯುತ್ತಿದ್ದವು. ಪಟ್ಟಿ ಬಂದ ಮೇಲೆ ಅದು 25ಕ್ಕೇರಿತು. ಆ ನರ್ಸುಗಳಿಗೆ ಮೊದಲು ಕೆಲಸ ಬರುತ್ತಿರಲಿಲ್ಲವೆಂದಲ್ಲ. ಮೂರು ಹೆರಿಗೆ ಒಟ್ಟಿಗೆ ಬಂದಾಗ ಯಾರ ತಲೆಯಲ್ಲೂ 29 ವಿಷಯ ನಿಲ್ಲುವುದಿಲ್ಲ.

ಕೇಸ್ ಶೀಟಿನಲ್ಲಿ ಗಂಟೆ-ನಿಮಿಷ ಹಾಕಿ ಬರೆಯಿರಿ. ಹಾಕಿದ ಐವಿ ಬಾಟಲಿ, ಇಂಜೆಕ್ಷನ್ನಿನ ಬ್ಯಾಚ್ ನಂಬರನ್ನೂ ಬರೆಯಿರಿ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡು, ಐವಿ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಬಂದಾಗ ಎಲ್ಲರೂ ಮೊದಲು ಹುಡುಕಿದ್ದು ಬ್ಯಾಚ್ ನಂಬರನ್ನೇ. ಹೆರಿಗೆಗೆ ಬಂದವಳು 18 ತುಂಬದ ಹುಡುಗಿಯಾದರೆ, ಮದುವೆಯಾಗಿದ್ದರೂ, ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮನೆಯವರು ಕಾಲಿಗೆ ಬೀಳುತ್ತಾರೆ, ತಾಯಿ ಕಾರ್ಡಿನಲ್ಲಿ 19 ಎಂದೇ ಬರೆದಿರುತ್ತದೆ. ಅದು ನಿಮ್ಮೊಬ್ಬರ ತಲೆಯ ಮೇಲೆ ಬೇಡ, ಕೂಡಲೇ ವೈದ್ಯಾಧಿಕಾರಿಗೆ ಹೇಳಿ. ಆದರೆ ಆ ಹುಡುಗಿಯ ಹೆರಿಗೆ ಮಾತ್ರ ಯಾವ ಕಾಗದಕ್ಕೂ ಕಾಯಬಾರದು.

ಸತ್ತು ಹುಟ್ಟಿದ ಕೂಸಿನ ಬಗ್ಗೆ ಯಾವ ತರಬೇತಿಯಲ್ಲೂ ಸಾಕಷ್ಟು ಹೇಳುವುದಿಲ್ಲ. ಮೊದಲೆಲ್ಲ ತಾಯಿಗೆ ಕಾಣದಂತೆ ಬಟ್ಟೆ ಮುಚ್ಚಿ ಹೊರಗೆ ಒಯ್ಯುತ್ತಿದ್ದೆವು, ಅದೇ ದಯೆ ಎಂದುಕೊಂಡು. ಆಮೇಲಾಮೇಲೆ ನಾನು ಕೇಳತೊಡಗಿದೆ: "ನೋಡ್ತೀಯೇನವಾ?" ಬೇಡವೆಂದರೆ ಸರಿ. ಹೂಂ ಎಂದರೆ ಒರೆಸಿ, ಬೆಚ್ಚಗೆ ಸುತ್ತಿ, ಜೀವಂತ ಕೂಸನ್ನು ಕೊಡುವ ಹಾಗೆಯೇ ಎರಡೂ ಕೈಯಿಂದ ಕೊಡುತ್ತಿದ್ದೆ. ಅವಳ ಮಂಚವನ್ನು ಬೇರೆ ಕೂಸುಗಳು ಅಳುವ ವಾರ್ಡಿನಿಂದ ದೂರ ಹಾಕಿಸಿ. ಮೂರನೇ ದಿನ ಹಾಲು ಇಳಿಯುತ್ತದೆ ಎಂದು ಮೊದಲೇ ಹೇಳಿಡಿ. ಯಾರೂ ಹೇಳಿರುವುದಿಲ್ಲ, ಆ ಹಾಲು ಕಂಡಾಗ ಅವಳು ಎರಡನೇ ಸಲ ಕುಸಿಯುತ್ತಾಳೆ.

ಇನ್ನು ನಿಮ್ಮ ಮೈ. ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸು ಆಗಿರಲಿ. ಸೂಜಿ ಚುಚ್ಚಿದರೆ ಹಿಂಡಬೇಡಿ, ಸಾಬೂನು ನೀರಲ್ಲಿ ತೊಳೆದು ಅಂದೇ ವರದಿ ಮಾಡಿ. ಎಚ್‌ಐವಿ ತಡೆಯುವ ಮಾತ್ರೆ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು, 72 ತಾಸು ಮೀರಿದರೆ ಪ್ರಯೋಜನವಿಲ್ಲ. ಕಣ್ಣಿಗೆ ಕನ್ನಡಕ, ಕಾಲಿಗೆ ಮುಚ್ಚಿದ ಚಪ್ಪಲಿ ಬೇಕೇ ಬೇಕು. ನೀರು ಒಡೆದಾಗ ಅದು ನಿಮ್ಮನ್ನು ಕೇಳಿ ಸಿಡಿಯುವುದಿಲ್ಲ. ಉಚ್ಚೆ ಕಟ್ಟಿಕೊಂಡು ಆರು ತಾಸು ನಿಲ್ಲುವುದು ನಮ್ಮ ವೃತ್ತಿಯ ದೊಡ್ಡ ಮೂರ್ಖತನ. ಇದನ್ನು ಮೂತ್ರಪಿಂಡದ ಕಲ್ಲು ಅನುಭವಿಸಿದವಳಾಗಿ ಹೇಳುತ್ತಿದ್ದೇನೆ.

ರಾಜ್ಯದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 2001-03ರಲ್ಲಿ 228 ತಾಯಂದಿರು ಸಾಯುತ್ತಿದ್ದರು, 2018-20ರಲ್ಲಿ 69. ಈ ಇಳಿತದಲ್ಲಿ ರಸ್ತೆಗೂ 108ಕ್ಕೂ ಆಶಾ ಕಾರ್ಯಕರ್ತೆಯರಿಗೂ ರಕ್ತನಿಧಿಗೂ ಪಾಲಿದೆ. ಉಳಿದ 69ರಲ್ಲಿ ಎಷ್ಟು ಮಂದಿಯನ್ನು ಆ ಎಂಟು ಸಲದ ತಪಾಸಣೆ ಉಳಿಸೀತು ಎಂದು ನನಗೆ ಆಗಾಗ ಅನ್ನಿಸುವುದುಂಟು.

ನನ್ನ ಕೊನೆಯ ವರ್ಷದ ಒಂದು ನೈಟ್ ಡ್ಯೂಟಿ. ಬೆಳಗಿನ ಏಳೂಹತ್ತಕ್ಕೆ ಹೆರಿಗೆ, ಮೂರನೆಯದು, ಸಲೀಸು. ಎಂಟಕ್ಕೆ ಬದಲಿ ಸಿಸ್ಟರ್ ಬಂದಳು. ಪುಸ್ತಕಕ್ಕೆ ಸಹಿ ಹಾಕಿದೆ, ಬ್ಯಾಗು ಹೆಗಲಿಗೇರಿತು, ಎಂಟೂವರೆಯ ಬಸ್ಸಿತ್ತು. ಮಂಚದ ಹತ್ತಿರ ಓವರ್ ಕೊಡುವಾಗ ರೂಢಿಯಂತೆ ಹೊಟ್ಟೆಯ ಮೇಲೆ ಕೈಯಿಟ್ಟೆ. ಮೆತ್ತಗಿತ್ತು. ಸೊಂಟದಡಿ ಕೈ ಹಾಕಿದರೆ ಗ್ಲೌಸಿಲ್ಲದ ಅಂಗೈ ಪೂರ್ತಿ ತೊಯ್ದಿತು. ಬ್ಯಾಗು ಎಲ್ಲಿ ಎಸೆದೆನೋ ನೆನಪಿಲ್ಲ.

ಹತ್ತೂಕಾಲಿನ ಹೊತ್ತಿಗೆ ಗುಂಡು ಗಟ್ಟಿಯಾಗಿ ನಿಂತಿತು. ಅವಳ ಅತ್ತೆ ಸ್ಟೀಲ್ ಲೋಟದಲ್ಲಿ ಚಹಾ ತಂದು ನನ್ನ ಕೈಗಿಟ್ಟಳು. ಕೂಸು ಆಗಲೇ ಮೊಲೆ ಹಿಡಿದಿತ್ತು. "ಎದ್ದ ಕುಂಡ್ರಲೇನ್ರೀ ಅಕ್ಕಾರ?" ಎಂದಳು ಬಾಣಂತಿ.

"ತಡೀವಾ," ಎಂದು ಲೋಟ ಕಿಟಕಿಯಲ್ಲಿಟ್ಟೆ. "ಇನ್ನೊಂದ್ ಸಲ ಹೊಟ್ಟಿ ಮುಟ್ಟಿ ನೋಡ್ತೀನಿ."